ಮೂರು ಗಂಟೆಯ ಮಣ್ಣು

ಮುನಿಕೃಷ್ಣಮ್ಮನಿಗೆ ಹನ್ನೊಂದು ದಿನದ ಕೂಲಿ ಇನ್ನೂ ಬರಬೇಕು. ಕೋಗಿಲು ಕೆರೆಯ ಹಿಂದಿನ ರಸ್ತೆ ಮಾಡಿಸಿದ ಗುತ್ತಿಗೆದಾರ ಅಶ್ವತ್ಥ್ ಮೂರು ವರ್ಷದಿಂದ ಅದನ್ನು ಕೊಟ್ಟಿಲ್ಲ. ಕೇಳಿ ಕೇಳಿ ಸಾಕಾಗಿ ಆಕೆ ಕೇಳುವುದನ್ನೇ ಬಿಟ್ಟಿದ್ದಾಳೆ. ಈಗ ಆಕೆ ಕೇಳುತ್ತಿರುವುದು ದುಡ್ಡಲ್ಲ. ಆ ರಸ್ತೆಯ ನೂರು ಮೀಟರು ಯಾಕೆ ಕುಸಿಯಿತು ಎಂದು ತನಿಖೆ ಮಾಡಿದವರು ಬರೆದ ವರದಿಯಲ್ಲಿ ಒಂದು ಸಾಲಿದೆ: “ನೀರು ಹಾಕುವ ಉಸ್ತುವಾರಿ ವಹಿಸಿದ್ದ ಮುನಿಕೃಷ್ಣಮ್ಮ ಎಂಬ ಕೂಲಿ ಮೇಸ್ತ್ರಿಯು ಮಿತಿಮೀರಿ ನೀರು ಹಾಕಿಸಿದ್ದರಿಂದ ಮಣ್ಣು ಗಟ್ಟಿಯಾಗಿ ಕೂರಲಿಲ್ಲ.” ಆ ಸಾಲು ಹೋಗಬೇಕು. ಅದು ಇರುವತನಕ ಆಕೆಯನ್ನು ಯಾವ ರಸ್ತೆ ಕೆಲಸಕ್ಕೂ ಸೇರಿಸುವುದಿಲ್ಲ.

ಆ ಸಾಲು ಸುಳ್ಳು. ಸುಳ್ಳೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವರಲ್ಲಿ ನಾನೊಬ್ಬಳು. ಮೂವತ್ತೈದು ವರ್ಷ ಬೀದಿಯಲ್ಲಿ ಧಿಕ್ಕಾರ ಕೂಗಿದ ಗಂಟಲು ಇದು. ಒಬ್ಬ ಹೆಂಗಸಿನ ಪರವಾಗಿ ಎರಡು ಮಾತು ಆಡಲು ಏಳಲಿಲ್ಲ. ನಾಚಿಕೆಯಾಗುತ್ತದೆ. ನನಗೆ ನಾಚಿಕೆಯಾದರೆ ಆಕೆಗೇನೂ ಸಿಗುವುದಿಲ್ಲ, ಆದ್ದರಿಂದ ನಡೆದದ್ದನ್ನು ಬರೆಯುತ್ತೇನೆ.

ಆಕೆಗೆ ಈಗ ಐವತ್ತನಾಲ್ಕು. ಹುಟ್ಟಿದ್ದು ಹುಣಸಮಾರನಹಳ್ಳಿಯ ಆಚೆ, ಇಟ್ಟಿಗೆ ಗೂಡಿನ ಪಕ್ಕದ ಗುಡಿಸಲಲ್ಲಿ. ಇವತ್ತು ಆ ಜಾಗದಲ್ಲಿ ಮದುವೆ ಛತ್ರ ಎದ್ದಿದೆ. ಅಂಗಳದಲ್ಲಿ ನಿಂತರೆ ತಲೆಯ ಮೇಲೇ ವಿಮಾನ ಇಳಿಯುತ್ತದೆ. ಆಗ ಅಲ್ಲಿ ಕೆರೆ ಮಣ್ಣು ತಂದು ಗುಂಡಿಗೆ ಸುರಿದು, ನೀರು ಬಿಟ್ಟು, ಬೂದಿ ಬೆರೆಸಿ, ಹೆಂಗಸರು ಮಕ್ಕಳೆಲ್ಲ ಸೇರಿ ತುಳಿಯುತ್ತಿದ್ದರು. ಅಚ್ಚು ಹಾಕುವುದು ಗಂಡಸರ ಕೆಲಸ. ಮಣ್ಣು ಅಚ್ಚಿಗೆ ಬಂದಿದೆಯೋ ಇಲ್ಲವೋ ಎಂದು ಹೇಳುವುದು ಆಕೆಯ ಅವ್ವನ ಕೆಲಸ. ಅವ್ವ ಒಂದು ಹಿಡಿ ಎತ್ತಿ, ಅಮುಕಿ, ಹೆಬ್ಬೆರಳಲ್ಲಿ ಮುರಿದು, ಅಂಗೈ ನೋಡಿಕೊಂಡು “ಉಂ” ಎಂದರೆ ಅಚ್ಚು ಬೀಳಬೇಕು. “ಉಹೂಂ” ಎಂದರೆ ಗೂಡಿನ ಮಾಲೀಕನೇ ಬಂದು ನಿಂತರೂ ಬೀಳುವಂತಿಲ್ಲ. ಆ ಕೈ ಮಗಳಿಗೆ ಬಂತು. ಓದು ಬರಲಿಲ್ಲ, ಒಂದು ಗುಂಟೆ ನೆಲ ಬರಲಿಲ್ಲ, ಅದು ಬಂತು.

ಆಮೇಲೆ ಗೂಡುಗಳು ಮುಚ್ಚಿದವು, ನೆಲವೆಲ್ಲ ಲೇಔಟಾಯಿತು. ಆಕೆ ರಸ್ತೆ ಕೆಲಸಕ್ಕೆ ಇಳಿದಳು. ಜಲ್ಲಿ ಹೊತ್ತಳು, ಟಾರಿನ ಬಿಸಿಗೆ ಮುಖ ಕೊಟ್ಟಳು, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹದಿನಾರು ಹೆಂಗಸರ ಗುಂಪಿಗೆ ಮೇಸ್ತ್ರಿಯಾದಳು. ಗಂಡ ನರಸಿಂಹಯ್ಯ ಯಲಹಂಕದ ಅಪಾರ್ಟ್‌ಮೆಂಟ್ ಒಂದರ ಗೇಟಿನಲ್ಲಿ ಸೀಟಿ ಊದುತ್ತಾನೆ. “ಮನೇಲಿ ಊದಂಗಿಲ್ಲ, ಅಲ್ಲೋಗಿ ಊದ್ಕತದೆ” ಎಂದು ಆಕೆಯೇ ಹೇಳಿ ನಗುತ್ತಾಳೆ.

ಕೋಗಿಲು ಕೆರೆಯ ಹಿಂದಿನ ಆ ದಾರಿ ಏಳುನೂರು ಮೀಟರು. ಸುತ್ತಮುತ್ತ ಕೆಂಪು ಮಣ್ಣಾದರೂ ಅಲ್ಲಿ ಮಾತ್ರ ಕೆರೆಯಂಗಳದ ಜೇಡಿ. ಬೇಸಿಗೆಯಲ್ಲಿ ಪಾದ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಬೆಣ್ಣೆಯಾಗುತ್ತದೆ. ಒಂದು ಮಳೆಗಾಲದಲ್ಲಿ ನೀರಿನ ಟ್ಯಾಂಕರ್ ಚಕ್ರ ಮುಳುಗುವಷ್ಟು ಹೂತು, ಅದನ್ನೆಳೆಯಲು ಬಂದ ಟ್ರ್ಯಾಕ್ಟರೂ ಹೂತು, ಎರಡನ್ನೂ ಎತ್ತಲು ಬಂದ ಕ್ರೇನಿನವನು ದೂರದಲ್ಲೇ ನಿಂತು ನೋಡಿ ವಾಪಸು ಹೋಗಿದ್ದ. ಇಂಥ ಕಡೆ ರಸ್ತೆ ಮಾಡುವವರು ಸಾಮಾನ್ಯವಾಗಿ ನಾಲ್ಕಡಿ ಜೇಡಿ ಅಗೆದು ಇನ್ಯಾರದೋ ಹೊಲಕ್ಕೆ ಸುರಿಯುತ್ತಾರೆ, ಎಲ್ಲಿಂದಲೋ ಒಂದು ಗುಡ್ಡ ಕಡಿದು ತಂದು ತುಂಬುತ್ತಾರೆ.

ಮಹತಿ ಎಂಬ ಎಂಜಿನಿಯರ್ ಹುಡುಗಿ ಹಾಗೆ ಮಾಡುವುದು ಬೇಡ ಎಂದಳು. ಮಣ್ಣು ಅಲ್ಲೇ ಇರಲಿ. ಉಕ್ಕಿನ ಕಾರ್ಖಾನೆಯಲ್ಲಿ ಅದಿರು ಕರಗಿಸಿದ ಮೇಲೆ ಉಳಿಯುವ ಕಿಟ್ಟದ ಪುಡಿ, ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ಹಾರುಬೂದಿ, ಜೊತೆಗೆ ಒಂದಿಷ್ಟು ಸುಣ್ಣ ಸೇರಿಸಿ, ಮಣ್ಣನ್ನು ಉತ್ತು ಕಲಸಿ, ಹದವಾಗಿ ನೀರು ಹಾಕಿ ರೋಲರ್ ಓಡಿಸಿದರೆ ಆ ಜೇಡಿಯೇ ಕಲ್ಲಿನಂತೆ ಕೂರುತ್ತದೆ. ಎಲ್ಲವೂ ಎಸೆಯುವ ಸರಕು. ಆದರೆ ಹದ ತಪ್ಪಬಾರದು.

ಮೊದಲ ದಿನ ಮಹತಿ ತೂಕದ ತಕ್ಕಡಿ, ಮಣ್ಣು ಒಣಗಿಸುವ ಒಲೆ ಎಲ್ಲ ಹೂಡಿಕೊಂಡು ಕೂತಿದ್ದಳು. ಮುನಿಕೃಷ್ಣಮ್ಮ ಒಂದು ಹಿಡಿ ಎತ್ತಿ ಅಮುಕಿ ಮುರಿದಳು.

“ಮೇಡಂ, ನಿಮ್ ಒಲೆ ಬೇಯ್ಸಿ ಯೋಳೋ ಒತ್ಗೆ ಮಣ್ಣೇ ಒಣಗೋಯ್ತದೆ. ಈ ಪಟ್ಟೇಗೆ ಇನ್ನೆಲ್ಡ್ ಡ್ರಮ್ಮು ನೀರ್ ಬೇಕು.”

“ಅಮ್ಮಾ, ಇದು ಅಂದಾಜಲ್ಲಿ ಆಗಲ್ಲಮ್ಮ. ಪರ್ಸೆಂಟ್ ಲೆಕ್ಕ.”

“ಅಂದಾಜ್ ಯಾಕವ್ವ, ಕೈಯಲ್ಲೈತೆ.”

ಒಲೆ ಬೆಂದು ಹೇಳಿದ್ದೂ ಎರಡು ಡ್ರಮ್ಮನ್ನೇ. ಅವತ್ತಿನಿಂದ ಆ ಕೆಲಸದಲ್ಲಿ ಮೊದಲು ಮುನಿಕೃಷ್ಣಮ್ಮನ ಕೈ, ಆಮೇಲೆ ಮಹತಿಯ ಒಲೆ.

ಮಹತಿ ಒಂದು ನಿಯಮ ಹೇಳಿಕೊಟ್ಟಿದ್ದಳು. ನೀರು ಬಿದ್ದ ಮೇಲೆ ಮೂರು ಗಂಟೆಯೊಳಗೆ ರೋಲರ್ ಓಡಿ ಮುಗಿದಿರಬೇಕು. ಆಮೇಲೆ ಮಿಶ್ರಣ ತಾನಾಗಿಯೇ ಗಟ್ಟಿಯಾಗಲು ಶುರುಮಾಡುತ್ತದೆ. ಹಾಗೆ ಕಟ್ಟಿಕೊಂಡ ಮೇಲೆ ಉರುಳಿಸಿದರೆ ಕಟ್ಟಿದ್ದೂ ಒಡೆದು ಪುಡಿಯಾಗುತ್ತದೆ. ಮುನಿಕೃಷ್ಣಮ್ಮ ಅದನ್ನು ತನ್ನ ಹೆಂಗಸರಿಗೆ ಒಂದೇ ಮಾತಲ್ಲಿ ತಿಳಿಸಿದ್ದಳು: “ಗಾರೆ ಕಲ್ಸಿಟ್ಟು ಉಣ್ಣಾಕ್ ಓಗ್ತೀರೇನ್ರೇ? ಇದೂ ಅಂಗೇಯ.”

ದಿನಕ್ಕೆ ನೂರು ಮೀಟರು. ಆರು ದಿನ ಆರುನೂರು ಮೀಟರು ಸರಿಯಾಗಿ ನಡೆಯಿತು. ಏಳನೇ ದಿನ ನಾವು ಹೋದೆವು.

ನಾವು ಎಂದರೆ ಕೆರೆ ಕಾವಲು ಸಮಿತಿ. ಅದಕ್ಕೆ ಹಿಂದೆ ಒಂದು ರಾಜಕಾಲುವೆಯನ್ನು ಮುಚ್ಚಲು ಬಂದ ಜೆಸಿಬಿಗಳ ಮುಂದೆ ಮೂರು ದಿನ ಕೂತು ಗೆದ್ದಿದ್ದೆವು. ಆ ಗೆಲುವು ತಲೆಗೇರಿತ್ತು. ನಮ್ಮದೊಂದು ರೂಢಿ: ಮೊದಲು ಯಂತ್ರದ ಮುಂದೆ ಕೂರು, ಮಾತು ಆಮೇಲೆ. ಅದು ಜೆಸಿಬಿಗೆ ಸರಿ. ಅಲ್ಲಿ ಹೊತ್ತು ಕಳೆದಷ್ಟೂ ನಮಗೆ ಲಾಭ. ಕೆರೆ ಪಕ್ಕ ಬೂದು ಬಣ್ಣದ ಪುಡಿ ಇಳಿಸುತ್ತಿರುವ ಲಾರಿಯ ಫೋಟೋ ವಾಟ್ಸಾಪಿನಲ್ಲಿ ಬಂತು, “ಕಾರ್ಖಾನೆ ವಿಷ ಕೆರೆಗೆ” ಎಂದು ಯಾರೋ ಬರೆದರು, ಅಷ್ಟು ಸಾಕಾಯಿತು. ಮಹತಿಯನ್ನು ಕಂಡು, ಆ ಪುಡಿಯ ಪರೀಕ್ಷೆ ಮಾಡಿಸಿದ ಕಾಗದ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬೂದಿಯನ್ನು ಬಯಲಲ್ಲಿ ಗುಡ್ಡೆ ಹಾಕಿ ಬಿಟ್ಟರೆ ಗಾಳಿಗೆ ಏಳುತ್ತದೆ, ನೀರಿಗೂ ಇಳಿಯುತ್ತದೆ. ಅದಕ್ಕೆ ಕಾಗದ ಕೇಳಬೇಕಾದ್ದೇ ಸರಿ, ಇವತ್ತೂ ಕೇಳುತ್ತೇನೆ. ಆದರೆ ಕೇಳುವುದಕ್ಕೆ ಬಾಯಿ ಇತ್ತು, ನಾವು ಕುಂಡೆ ಬಳಸಿದೆವು.

ಬೆಳಿಗ್ಗೆ ಹತ್ತಕ್ಕೆ ಮಣ್ಣಿಗೆ ನೀರು ಬಿದ್ದಿತ್ತು. ಹತ್ತೂವರೆಗೆ ಅರವತ್ತೆರಡು ಜನ ರೋಲರಿನ ಮುಂದೆ ಸಾಲಾಗಿ ಕೂತೆವು. ಮಹತಿ ಅವತ್ತು ಮೀಟಿಂಗಿಗೆಂದು ನಗರದೊಳಗೆ ಹೋಗಿದ್ದಳು, ಅಶ್ವತ್ಥ್ ಫೋನು ಎತ್ತುತ್ತಿರಲಿಲ್ಲ. ಎಳೆಬಿಸಿಲಿನ ಕಾಲ ಮುಗಿದಿತ್ತು, ಶಿವರಾತ್ರಿ ಕಳೆದ ವಾರ, ನೆತ್ತಿ ಕಾಯುತ್ತಿತ್ತು. ಮುನಿಕೃಷ್ಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನೆದುರು ಬಂದು ಕುಕ್ಕರಗಾಲಲ್ಲಿ ಕೂತಳು.

“ಅಕ್ಕಾ, ನೀರ್ ಬಿದ್ದೋಗೈತೆ. ಇದು ಮೂರ್ ಗಂಟೆ ಮಣ್ಣು. ರೋಲರ್ ಒಂದಪ ಓಡ್ಬುಡ್ಲಿ, ಆಮ್ಯಾಕೆ ನಾಳೆ ಸಂಜೆಗಂಟ ಕೂತ್ಕಳಿ. ನಾನೇ ಚಾಪೆ ತಂದ್ ಆಕ್ಕೊಡ್ತೀನಿ.”

ನಮ್ಮವರೆಲ್ಲ ನಕ್ಕರು. ಸಂಜಯನಗರದ ಸೇತುರಾಮ, ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಸಮಿತಿಯ ಕಾರ್ಯದರ್ಶಿ, ಕೊಡೆಯ ಕೆಳಗಿನಿಂದಲೇ ಹೇಳಿದರು: “ಎಲ್ಲಾ ಕಾಂಟ್ರಾಕ್ಟರ್‌ಗಳೂ ಹೇಳೋದು ಇದೇ ಕಣಮ್ಮ. ಕೆಲಸ ಮುಗಿದ್ಮೇಲೆ ಕೂತು ನಾವೇನು ಭಜನೆ ಮಾಡೋದಾ?”

“ಕೇಳ್ಬೇಕಾದ್ ಕೇಳಿ ಸೋಮಿ, ಬ್ಯಾಡ ಅನ್ನಾಕಿಲ್ಲ. ನಿಮ್ ಜಗಳ ಮಣ್ಗೆ ಗೊತ್ತಾಗಾಕಿಲ್ಲ. ಅದು ಅದ್ರ ಪಾಡಿಗ್ ಗಟ್ಟಿಯಾಗ್ತಾ ಇರ್ತದೆ.”

ಆಗ ನಾನು ಕೇಳಿದೆ. ಅರವತ್ತೆರಡು ಜನರಿಗೂ ಕೇಳಿಸುವಂತೆ ಕೇಳಿದೆ: “ಇಷ್ಟು ಮಾತಾಡೋಕೆ ಎಷ್ಟು ಕೊಟ್ಟ ನಿಂಗೆ ಅಶ್ವತ್ಥ್?”

ಚಪ್ಪಾಳೆ ಬಿತ್ತು. ಆಕೆ ನನ್ನ ಮುಖ ನೋಡಿದಳು, ಎದ್ದು ಹೋದಳು. ಕೂಲಿಯವರ ಹೋರಾಟದಲ್ಲೇ ಬೆಳೆದವಳು ನಾನು. ಒಬ್ಬ ಕೂಲಿ ಹೆಂಗಸು ತನ್ನ ಕೆಲಸ ತನಗೆ ಗೊತ್ತು ಎಂದಾಗ ನನ್ನ ಬಾಯಿಂದ ಬಂದದ್ದು ಈ ಮಾತು.

ಆಕೆ ಸುಮ್ಮನಿರಲಿಲ್ಲ. ಮಣ್ಣಿನ ಮೇಲ್ಮೈ ಬಿಸಿಲಿಗೆ ಒಣಗದಿರಲಿ ಎಂದು ತನ್ನ ಹೆಂಗಸರನ್ನು ಸೇರಿಸಿಕೊಂಡು ಗೋಣಿತಾಟು ನೆನೆಸಿ ಹಾಸಿದಳು. ಗೋಣಿ ಒಣಗಿದಾಗೆಲ್ಲ ಕೊಡದಿಂದ ಮೇಲೆ ನೀರು ಚಿಮುಕಿಸಿದಳು. ಉಪಯೋಗವಿಲ್ಲವೆಂದು ಆಕೆಗೂ ಗೊತ್ತಿತ್ತು. ಸತ್ತವರ ಬಾಯಿಗೆ ನೀರು ಬಿಟ್ಟಂತೆ ಬಿಡುತ್ತಿದ್ದಳು. ನಮ್ಮವರೊಬ್ಬರು ಅದರ ಫೋಟೋ ತೆಗೆದರು.

ಎರಡೂ ಮುಕ್ಕಾಲಿಗೆ ಪೊಲೀಸರು ಬಂದು ಎಬ್ಬಿಸಿದರು. ನಾವು ಎದ್ದೆವು, ಘೋಷಣೆ ಕೂಗಿದೆವು, ಟೀ ಕುಡಿದೆವು. ಮೂರೂಕಾಲಿಗೆ ರೋಲರ್ ಓಡಿತು. ಐದು ಗಂಟೆ ಕಳೆದಿತ್ತು. ಮಣ್ಣು ಕಡಲೆಹಿಟ್ಟಿನ ಗಂಟಿನ ಹಾಗೆ ಉಂಡೆ ಉಂಡೆಯಾಗಿ, ಚಕ್ರದಡಿ ಸಿಕ್ಕಿ ಪುಡಿಯಾಯಿತೇ ಹೊರತು ಕೂರಲಿಲ್ಲ. ಸಂಜೆ ಬಂದ ಮಹತಿ, ಈ ನೂರು ಮೀಟರನ್ನು ಕಿತ್ತು ಮತ್ತೆ ಮಾಡಬೇಕು ಎಂದು ಬರೆದುಕೊಟ್ಟಳು. ಅಶ್ವತ್ಥ್ ಹೂಂ ಎಂದು ಆ ಕಾಗದವನ್ನು ಜೇಬಿಗಿಳಿಸಿದ, ಕೀಳಲಿಲ್ಲ. ಮೇಲೆ ಜಲ್ಲಿ ಸುರಿದು ಟಾರು ಬಳಿದ. ವಾರದೊಳಗೆ ಮಹತಿಯನ್ನು ಬೇರೆ ಕೆಲಸಕ್ಕೆ ಹಾಕಿದರು.

ಜೂನಿನ ಎರಡನೇ ಮಳೆಗೆ ಆ ನೂರು ಮೀಟರು ಬಾಯಿ ಬಿಟ್ಟಿತು. ಉಳಿದ ಆರುನೂರು ಮೀಟರು ಇವತ್ತಿಗೂ ನಿಂತಿದೆ, ಹೋಗಿ ನೋಡಬಹುದು. ಆದರೆ ನಾವು ಕುಸಿದ ಕಡೆಗೇ ಹೋಗಿ ಫಲಕ ಹಿಡಿದು ನಿಂತೆವು. ಕರಪತ್ರ ಹಾಕಿಸಿದೆವು. ಗೋಣಿಯ ಮೇಲೆ ನೀರು ಹಾಕುತ್ತಿರುವ ಮುನಿಕೃಷ್ಣಮ್ಮನ ಫೋಟೋ ಅದರ ಮುಖಪುಟದಲ್ಲಿತ್ತು. ಆಕೆಯ ಹಿಂದೆ ಸಾಲಾಗಿ ಕೂತಿದ್ದ ನಮ್ಮನ್ನೂ ನಿಂತಿದ್ದ ರೋಲರನ್ನೂ ಕತ್ತರಿಸಿ ತೆಗೆದಿದ್ದೆವು. “ವಿಷ ಮುಚ್ಚಿಡಲು ನೀರಾಟ” ಎಂದು ಕೆಳಗೆ ಬರೆದವಳು ನಾನು.

ತನಿಖೆಯಲ್ಲಿ ಅಶ್ವತ್ಥ್ ನಮ್ಮ ಕರಪತ್ರವನ್ನೇ ಮೇಜಿನ ಮೇಲಿಟ್ಟ. ನೋಡಿ ಸಾರ್, ಎಷ್ಟು ನೀರು ಹಾಕಿದ್ದಾಳೆ, ಇವರೇ ಫೋಟೋ ಹಾಕಿದ್ದಾರೆ ಎಂದ. ಧರಣಿಯಿಂದ ತಡವಾಯಿತು ಎಂದು ಆತ ಹೇಳುವಂತಿರಲಿಲ್ಲ. ತಡವಾದದ್ದು ಗೊತ್ತಿದ್ದರೆ ಕಿತ್ತು ಮಾಡಬೇಕಿತ್ತಲ್ಲ, ಯಾಕೆ ಮಾಡಲಿಲ್ಲ ಎನ್ನುವ ಪ್ರಶ್ನೆ ಅವನ ಕುತ್ತಿಗೆಗೇ ಬರುತ್ತಿತ್ತು. ಆಮೇಲೆ ತನಿಖಾಧಿಕಾರಿ ನನ್ನನ್ನು ಕೇಳಿದರು: “ನಿಮ್ಮಿಂದ ಕೆಲಸಕ್ಕೆ ಅಡ್ಡಿಯಾಯಿತೇ?”

“ಇಲ್ಲ. ನಾವು ಶಾಂತಿಯುತವಾಗಿ ರಸ್ತೆ ಬದಿಯಲ್ಲಿ ಕೂತಿದ್ದೆವು.”

ಬದಿಯಲ್ಲಿ! ಜೀವಮಾನದಲ್ಲಿ ನಾನು ಬದಿಯಲ್ಲಿ ಕೂತವಳಲ್ಲ, ಮಧ್ಯದಲ್ಲೇ ಕೂತವಳು. ಅಡ್ಡಿ ಎಂದು ಒಪ್ಪಿದರೆ ಕೇಸು ಬೀಳುತ್ತದೆ, ಸಮಿತಿಯ ಹೆಸರು ಹೋಗುತ್ತದೆ ಎಂದು ಹೆದರಿದೆ. ತಪ್ಪು ಹೊರಲು ಯಾರಾದರೊಬ್ಬರು ಅಶ್ವತ್ಥ್‌ಗೂ ಬೇಕಿತ್ತು, ನಮಗೂ ಬೇಕಿತ್ತು. ಇಬ್ಬರಿಗೂ ಸಿಕ್ಕಿದ್ದು ಹೆಬ್ಬೆಟ್ಟು ಒತ್ತುವ ಒಬ್ಬ ಹೆಂಗಸು. ಆರು ದಿನ ಹದ ತಪ್ಪದವಳು ಏಳನೇ ದಿನ ಯಾಕೆ ತಪ್ಪಿದಳು ಎಂದು ಯಾರೂ ಕೇಳಲಿಲ್ಲ.

ಇದಾದ ಮೇಲೆ ಮೂರು ವರ್ಷ ನಾನು ಆ ಕಡೆ ಹೋಗಲಿಲ್ಲ. ಈ ವರ್ಷ ನೆಂಟರ ಮದುವೆಗೆಂದು ಹುಣಸಮಾರನಹಳ್ಳಿಯ ಛತ್ರಕ್ಕೆ ಹೋಗಿದ್ದೆ. ಕೈತೊಳೆಯಲು ಹಿತ್ತಲಿಗೆ ಬಂದರೆ ಕೊಳಾಯಿಯ ಕೆಳಗೆ ಹುಳಿಯ ಕೊಪ್ಪರಿಗೆ ಉಜ್ಜುತ್ತಿದ್ದವಳು ತಲೆಯೆತ್ತಿದಳು.

“ಗುರ್ತು ಸಿಕ್ತಾ ಅಕ್ಕ?”

ಸಿಕ್ಕಿತ್ತು. “ಇಲ್ಲವಲ್ಲಮ್ಮ” ಎಂದೆ.

“ಪಾಂಪ್ಲೆಟ್ಟಲ್ಲಿ ನನ್ ಫೋಟೋ ಆಕ್ಸಿದ್ರಲ್ಲ. ಚೆಂದಾಗೇ ಬಂದಿತ್ತು ಬುಡಿ. ನಮ್ಮೆಜಮಾನ್ರು ನೋಡ್ಬುಟ್ಟು, ಮದ್ವೆ ಫೋಟೋದಲ್ಲೂ ಇಂಗ್ ಬಂದಿರ್ನಿಲ್ಲ ಕಣೇ ಅಂದ್ರು.”

ಆಕೆ ಕೊಪ್ಪರಿಗೆ ಬೋರಲು ಹಾಕಿ, “ಬನ್ನಿ, ಒಂದ್ ತೋರುಸ್ತೀನಿ” ಎಂದು ಕರೆದುಕೊಂಡು ಹೊರಟಳು. ಛತ್ರದ ಹಿಂದೆ ಎರಡು ಬೀದಿ ದಾಟಿದರೆ ಹೊಸ ರಸ್ತೆ ಕೆಲಸ. ಅದೇ ಜೇಡಿ, ಅದೇ ಬೂದಿ, ಅದೇ ಕಿಟ್ಟದ ಪುಡಿ. ನಾವು ವಿಷ ಎಂದು ಕೂಗಿದ್ದು ಈಗ ಎಲ್ಲ ಕಡೆ ನಡೆಯುತ್ತಿದೆ. ಆಕೆ ಬಗ್ಗಿ ಒಂದು ಹಿಡಿ ಎತ್ತಿ ಅಮುಕಿದಳು. ಮುರಿದಳು.

“ನೀರ್ ಸಾಲ್ದು.”

ಸೂಪರ್‌ವೈಸರ್ ನೋಡಿದ. “ಮತ್ತೆ ಬಂದ್ಯೇನಮ್ಮ? ನೀನ್ ಹೋಗಮ್ಮ, ನಿನ್ ಹೆಸರು ರಿಪೋರ್ಟಲ್ಲಿದೆ. ನಿನ್ನ ಸೇರಿಸ್ಕೊಂಡ್ರೆ ನನ್ ಬಿಲ್ ನಿಂತ್ಹೋಗುತ್ತೆ.”

ಆಕೆ ಹಿಡಿಯಲ್ಲಿದ್ದ ಮಣ್ಣನ್ನು ಎತ್ತಿದ್ದಲ್ಲೇ ಬಿಟ್ಟಳು. ವಾಪಸು ಬರುವಾಗ ನಾನು ಏನೇನೋ ಹೇಳತೊಡಗಿದೆ: ತಪ್ಪಾಯ್ತು, ಆಗ ಪರಿಸ್ಥಿತಿ ಹಾಗಿತ್ತು, ನಾವೆಲ್ಲ ಸೇರಿ ನಿಮಗೊಂದು ಸಹಾಯ...

“ಸಾಯ ಬ್ಯಾಡ ಅಕ್ಕ. ಕೊಪ್ಪರಿಗೆ ತೊಳದ್ರೂ ಒಟ್ಟೆ ತುಂಬ್ತದೆ. ನನ್ ಕೈ ಸರಿಯಿಲ್ಲ ಅಂತ ಬರ್ದವ್ರಲ್ಲ, ಅದು ಓಗ್ಬೇಕು. ಆವತ್ತು ಎಷ್ಟೊತ್ತಿಗ್ ಕೂತ್ರಿ, ಎಷ್ಟೊತ್ತಿಗ್ ಎದ್ರಿ. ಅಷ್ಟ್ ಬರ್ಕೊಡಿ. ನಾನ್ ಒಳ್ಳೇವ್ಳು ಗಿಳ್ಳೇವ್ಳು ಅಂತೇನೂ ಬರೀಬ್ಯಾಡಿ.”

ಮಾರನೇ ದಿನ ಕಾಗದ ಬರೆದುಕೊಂಡು ಸಂಜಯನಗರಕ್ಕೆ ಹೋದೆ. ಸೇತುರಾಮ ಓದಿ ಮುಗಿಸುವ ಮೊದಲೇ ಕನ್ನಡಕ ತೆಗೆದರು.

“ಏನ್ರೀ, ತಲೆಗಿಲೆ ಕೆಟ್ಟಿದ್ಯಾ ನಿಮಗೆ? ಕಾಲುವೆ ಕೇಸು ಇನ್ನೂ ಕೋರ್ಟಲ್ಲಿದೆ. ಈಗ ನಾವೇ ತಪ್ಪು ಮಾಡಿದ್ವಿ ಅಂತ ಬರೆದುಕೊಟ್ರೆ ಬಿಲ್ಡರ್‌ಗಳು ನಮ್ಮನ್ನ ಹುರಿದು ಮುಕ್ತಾರೆ. ಒಬ್ಬ ಕೂಲಿಯವಳಿಗೋಸ್ಕರ ಇಡೀ ಚಳವಳಿ ಹಾಳು ಮಾಡ್ತೀರಾ?”

“ಚಳವಳಿ ಯಾರಿಗೋಸ್ಕರ ಇತ್ತು ಸೇತುರಾಮ್?”

“ಭಾಷಣ ಬೇಡ. ಟೈಮೆಲ್ಲ ಯಾರಿಗೆ ನೆನಪಿರುತ್ತೆ? ಮೂರು ವರ್ಷ ಆಯ್ತು.”

ಅವರ ಹೆಂಡತಿ ಸತ್ಯವತಿ ಕಾಫಿ ತಂದವರು ಲೋಟ ಇಡದೆ ನಿಂತರು. “ಯಾಕೆ ನೆನಪಿಲ್ಲ? ಹತ್ತೂವರೆಗೆ ಕೂತ್ಕೊಂಡ್ವಿ ಅಂತ ನೀವೇ ಫೋನ್ ಮಾಡಿದ್ರಿ. ಒಂದು ಗಂಟೆಗೆ ನಾನು ಆಟೋದಲ್ಲಿ ಪುಳಿಯೋಗರೆ ತಂದೆ. ರೋಲರ್ ಮುಂದೇನೇ ಎಲೆ ಹಾಕಿದ್ದು. ಆ ಹೆಂಗಸಿಗೂ ಒಂದೆಲೆ ಕೊಟ್ಟೆ, ಬೇಡ ಕಣಮ್ಮಾ, ಮಣ್ಣು ಒಣಗ್ತಿದೆ ಅಂದ್ಲು.”

“ಸತ್ಯಾ, ನೀನು ಸುಮ್ನಿರು.”

“ಸುಮ್ನಿದ್ದಿದ್ದು ಸಾಕು. ಪೆನ್ ಕೊಡಿ ಇಲ್ಲಿ.”

ಕಾಗದದಲ್ಲಿ ಎರಡನೇ ಸಹಿ ಸತ್ಯವತಿಯವರದು. ಸೇತುರಾಮರ ಸಹಿ ಇಲ್ಲ. ಕೋಗಿಲಿನಿಂದ ಇನ್ನಿಬ್ಬರು ಹಾಕಿದರು. ಕತ್ತರಿಸದ ಇಡೀ ಫೋಟೋವನ್ನೂ ಅದಕ್ಕೆ ಪಿನ್ ಮಾಡಿ, ಮುನಿಕೃಷ್ಣಮ್ಮನನ್ನು ಜೊತೆಗೆ ಕರೆದುಕೊಂಡು, ಯಲಹಂಕದಲ್ಲಿರುವ ರಸ್ತೆ ವಿಭಾಗದ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಎರಡು ಸಲ ಓದಿದರು.

“ಅವತ್ತು ಬದಿಯಲ್ಲಿ ಅಂದಿದ್ರಿ, ಇವತ್ತು ಮುಂದೆ ಅಂತೀರಿ. ನಿಮ್ಮ ಯಾವ ಮಾತು ನಂಬ್ಲಿ ನಾನು?”

“ಇವತ್ತಿಂದು. ಅವತ್ತು ಸುಳ್ಳು ಹೇಳಿದೆ.”

ಪಕ್ಕದಲ್ಲಿ ಕುರ್ಚಿ ಖಾಲಿಯಿದ್ದರೂ ನಿಂತೇ ಇದ್ದ ಮುನಿಕೃಷ್ಣಮ್ಮ ಆ ಮಾತಿಗೆ ನನ್ನತ್ತ ನೋಡಲೂ ಇಲ್ಲ. ನೋಡಬೇಕಾದ ಅಗತ್ಯವೂ ಆಕೆಗಿರಲಿಲ್ಲ.

“ನಿಮ್ಮ ಮೇಲೆ ಕೇಸ್ ಆಗಬಹುದು, ಗೊತ್ತಾ?” ಎಂದರು ಅಧಿಕಾರಿ. “ಆಮೇಲೆ, ನಾಲ್ಕು ಜನರ ಸಹಿಗೆ ವರದಿ ತಿದ್ದೋಕಾಗಲ್ಲ. ಅರವತ್ತೆರಡು ಜನ ಕೂತಿದ್ವಿ ಅಂತೀರಿ. ಹತ್ತು ಜನವಾದ್ರೂ ಖುದ್ದಾಗಿ ಬಂದು ಹೇಳಿಕೆ ಕೊಡ್ಲಿ. ಮರುಪರಿಶೀಲನೆಗೆ ಹಾಕ್ತೀನಿ. ಈ ತಿಂಗಳ ಕೊನೆಯೊಳಗೆ ಆಗ್ಬೇಕು.”

ಹೊರಗೆ ಬಂದ ಮೇಲೆ ಆಕೆ ಕೇಳಿದಳು: “ಅತ್ ಜನ ಸಿಗಾಕಿಲ್ವ ಅಕ್ಕ? ಆವತ್ತು ಜಾಗ ಸಾಲ್ದೆ ಒಬ್ರ ತೊಡೆ ಮ್ಯಾಲ್ ಒಬ್ರು ಕೂತಿದ್ರಿ.”

ಎರಡು ವಾರದಿಂದ ಮನೆ ಮನೆ ತಿರುಗುತ್ತಿದ್ದೇನೆ. ಒಬ್ಬರಿಗೆ ಅವತ್ತು ಜ್ವರವಿತ್ತಂತೆ. ಒಬ್ಬರು ದೂರದಲ್ಲಿ ನಿಂತು ನೋಡಿ ಹೋದರಂತೆ. ಇನ್ನೊಬ್ಬರು, ಆ ಫೋಟೋದಲ್ಲಿ ಹಸಿರು ಟೋಪಿ ಹಾಕಿರುವವನು ನಾನಲ್ಲ, ನನ್ನ ತಮ್ಮ ಎಂದರು. ತಮ್ಮ ಇಲ್ಲವೆಂದು ನನಗೆ ಗೊತ್ತು. ನನಗೆ ಬೈಯಲು ಬಾಯಿಲ್ಲ. ಮೂರು ವರ್ಷ ನಾನೂ ಇದನ್ನೇ ಮಾಡಿದ್ದೆ.

ನಾಲ್ಕು ಸಹಿ ಇದೆ, ಇನ್ನೂ ಆರು ಬೇಕು. ಆರ್.ಟಿ. ನಗರ, ಹೆಬ್ಬಾಳ, ಯಲಹಂಕ, ಸಂಜಯನಗರದಿಂದ ಅವತ್ತು ಬಂದು ಆ ಮಣ್ಣಿನ ಮುಂದೆ ಕೂತು, ಪುಳಿಯೋಗರೆ ತಿಂದು, ನನ್ನ ಮಾತಿಗೆ ಚಪ್ಪಾಳೆ ತಟ್ಟಿದವರಲ್ಲಿ ನೀವೂ ಇದ್ದಿರಿ, ಈಗ ಇದನ್ನು ಓದುತ್ತಿದ್ದೀರಿ. ನಿಮ್ಮ ಮರುಕ ಬೇಡ, ನನ್ನ ಬೆನ್ನು ತಟ್ಟುವುದೂ ಬೇಡ. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಯಲಹಂಕದ ರಸ್ತೆ ವಿಭಾಗದ ಕಚೇರಿಯ ಮೆಟ್ಟಿಲ ಬಳಿ ಬನ್ನಿ. ಗುರುತಿನ ಚೀಟಿ ತನ್ನಿ. ಒಳಗೆ ನಡೆದು ನಿಮ್ಮ ಹೆಸರು ಹೇಳಿ, ರೋಲರ್ ನಿಲ್ಲಿಸಿದ್ದು ನಾವು ಎಂದು ಹೇಳಿ, ಸಹಿ ಹಾಕಿ.